ಹುಳುವಿಗೆ ಚುಚ್ಚಿ ಅಳೆಯುವ ಯೀಸ್ಟ್

ಕ್ಯಾಂಡಿಡಾ ಆರಿಸ್ ಎಂಬ ರೋಗಕಾರಕ ಯೀಸ್ಟ್‌ನ ಸುದ್ದಿ ಓದಿದ ಓದುಗರೊಬ್ಬರ ಪ್ರಶ್ನೆ: ಯಾವ ಯೀಸ್ಟ್ ಹೆಚ್ಚು ಉಗ್ರ ಎಂಬುದನ್ನು ಹುಳುವಿಗೆ ಚುಚ್ಚಿ ತೀರ್ಮಾನಿಸುತ್ತಾರಂತೆ, ಹುಳುವೆಲ್ಲಿ, ಮನುಷ್ಯನೆಲ್ಲಿ?

ಜೇನು ಸಾಕುವವರಿಗೆ ಈ ಹುಳು ಹಳೇ ಶತ್ರು. ಬಲ ಕುಂದಿದ ಕುಟುಂಬದ ಪೆಟ್ಟಿಗೆಗೆ ನುಗ್ಗಿ, ಎರಿ ಕೊರೆದು ಬಲೆ ಕಟ್ಟುವ ಮೇಣದ ಪತಂಗದ ಮರಿ. ರೋಗ ತರುವ ಯೀಸ್ಟ್‌ಗಳನ್ನು ಇದರಲ್ಲಿ ಪರೀಕ್ಷಿಸುವ ವಿಧಾನವನ್ನು 2000ರಲ್ಲಿ ಐರ್ಲೆಂಡಿನ ಮೇನೂತ್‌ನ ಕೆವಿನ್ ಕ್ಯಾವನಾ ತಂಡ ಪ್ರಕಟಿಸಿತು. ಹೊಟ್ಟೆಯಡಿಯ ಮೆತ್ತನೆ ಕಾಲುಗಳಲ್ಲಿ ಕೊನೆಯದಕ್ಕೆ ಸಣ್ಣ ಸೂಜಿ ಚುಚ್ಚಿ, ಎಣಿಸಿದ ಯೀಸ್ಟ್ ಕೋಶಗಳಿರುವ ಹತ್ತು ಮೈಕ್ರೋಲೀಟರ್ ದ್ರವ ಬಿಡುತ್ತಾರೆ. ಇನ್ನೊಂದು ಗುಂಪಿಗೆ ಯೀಸ್ಟ್ ಇಲ್ಲದ ದ್ರವ ಮಾತ್ರ. ಸೂಜಿಯ ಗಾಯವೇ ಕೊಲ್ಲುತ್ತಿಲ್ಲ ಎಂಬುದು ಖಚಿತವಾಗಬೇಕಲ್ಲ. ಸೋಂಕು ಬಲವಾದಂತೆ ಕೆನೆಬಣ್ಣದ ಹುಳು ಕಪ್ಪಾಗುತ್ತದೆ. ನಮ್ಮ ಮೈಯ ಬಿಸಿಯಾದ 37 ಡಿಗ್ರಿಯಲ್ಲೂ ಅದು ಬದುಕಬಲ್ಲದು. ಅದರ ರಕ್ತದ ಕೆಲವು ಕೋಶಗಳು ನಮ್ಮ ಬಿಳಿ ರಕ್ತಕಣಗಳ ಹಾಗೆಯೇ ಯೀಸ್ಟನ್ನು ನುಂಗಿ ಕೊಲ್ಲುತ್ತವೆ. ಪ್ರತಿಕಾಯಗಳು ಮಾತ್ರ ಅದಕ್ಕಿಲ್ಲ.

ಇಲಿಯ ಪ್ರಯೋಗ ಇದಕ್ಕಿಂತ ಹಳೆಯದು. ಬಾಲದ ರಕ್ತನಾಳಕ್ಕೆ ಕ್ಯಾಂಡಿಡಾ ಅಲ್ಬಿಕಾನ್ಸ್ ಎಂಬ ಯೀಸ್ಟ್ ಬಿಟ್ಟರೆ ಮೊದಲು ಹದಗೆಡುವುದು ಮೂತ್ರಪಿಂಡ. 1997ರಲ್ಲಿ ಅಮೆರಿಕದ ಜೆರಾಲ್ಡ್ ಫಿಂಕ್ ತಂಡ ಎರಡು ಜೀನ್ ತೆಗೆದು, ದುಂಡಗಿನ ಕೋಶದಿಂದ ದಾರದಂಥ ಎಳೆಯ ರೂಪಕ್ಕೆ ಬದಲಾಗಲಾರದ ಯೀಸ್ಟ್ ತಯಾರಿಸಿತು. ಅದನ್ನು ಚುಚ್ಚಿದ ಇಲಿಗಳು ಉಳಿದುಕೊಂಡವು. ಸೊಗಸಾದ ಪ್ರಯೋಗ. ಆದರೆ ರೂಪ ಬದಲಾಯಿಸುವ ಜೀನ್‌ಗಳೇ ಬೇರೆ ಹಲವು ಜೀನ್‌ಗಳನ್ನೂ ನಡೆಸುತ್ತವೆ. ಆದ್ದರಿಂದ ಎಳೆಯೊಂದೇ ಅಪರಾಧಿ ಎಂದು ಆಗ ಹಬ್ಬಿದ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಆರಿಸ್ ವಿಷಯಕ್ಕೆ ಬಂದರೆ, 2016ರಲ್ಲಿ ಬ್ರಿಟನ್ನಿನ ಸಂಶೋಧಕರು ರೋಗಿಗಳಿಂದ ಪಡೆದ ತಳಿಗಳನ್ನು ಮೇಣದ ಹುಳುವಿಗೆ ಚುಚ್ಚಿದರು. ಬಿಡಿಬಿಡಿಯಾಗಿ ಬೆಳೆಯುವ ತಳಿಗಳು ಅಲ್ಬಿಕಾನ್ಸ್‌ನಷ್ಟೇ ಉಗ್ರವಾಗಿದ್ದವು. ಗಂಟುಗಂಟಾಗಿ ಅಂಟಿಕೊಳ್ಳುವ ತಳಿಗಳು ಸಪ್ಪೆ. ಹಾಗೆಂದು ಗಂಟುಕಟ್ಟುವ ತಳಿ ನಿರಪಾಯವೆಂದು ಯಾವ ಆಸ್ಪತ್ರೆಯೂ ನಂಬಬಾರದು. ಆರಿಸ್‌ನ ನಿಜವಾದ ಕಾಟವೆಂದರೆ ರೋಗಿಯ ಚರ್ಮಕ್ಕೂ ಮಂಚದ ಸರಳಿಗೂ ಅಂಟಿ ದಿನಗಟ್ಟಲೆ ಉಳಿಯುವುದು, ಔಷಧಿಗೆ ಬಗ್ಗದಿರುವುದು. ಸೂಜಿಯಿಂದ ನೇರ ಮೈಯೊಳಗೆ ಬಿಟ್ಟಾಗ ಅಂಟುವ ಗುಣ ಪರೀಕ್ಷೆಗೇ ಬರುವುದಿಲ್ಲ. ಅದಕ್ಕಾಗಿ ವಿಸ್ಕಾನ್ಸಿನ್ನಿನ ಸಂಶೋಧಕರು ಕೃತಕ ಬೆವರನ್ನೂ ಹಂದಿಯ ಚರ್ಮದ ತುಂಡನ್ನೂ ಬಳಸಿದರು. 2020ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಆರಿಸ್ ಅಲ್ಬಿಕಾನ್ಸ್‌ಗಿಂತ ಬಹಳ ದಟ್ಟವಾಗಿ, ಪದರದ ಮೇಲೆ ಪದರವಾಗಿ ಬೆಳೆಯಿತು.