ಉಳಿದ ಅನ್ನ ಯಾರ ಪಾಲು?

ಮದುವೆ ಮುಗಿದ ಮರುದಿನ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಮನೆಯೊಂದಕ್ಕೆ ಹೋಗಿ ನೋಡಿ. ನೆಂಟರು ಹೊರಟಿದ್ದಾರೆ, ಚಪ್ಪರ ಇನ್ನೂ ಬಿಚ್ಚಿಲ್ಲ. ಅಡಿಗೆಮನೆಯ ಮೂಲೆಯಲ್ಲಿ ಎರಡು ದೊಡ್ಡ ಪಾತ್ರೆ ಅನ್ನ, ಒಂದಷ್ಟು ಪಾಯಸ ಉಳಿದಿದೆ. ಅನ್ನ ಚೆಲ್ಲಬಾರದು ಎನ್ನುತ್ತಾರೆ ಹಿರಿಯರು. ಸರಿ, ಚೆಲ್ಲುವುದಿಲ್ಲ, ಅಷ್ಟನ್ನೂ ಕೊಟ್ಟಿಗೆಗೆ ಒಯ್ದು ದನಕ್ಕೆ ಸುರಿಯುತ್ತಾರೆ. ರಾತ್ರಿಯ ಹೊತ್ತಿಗೆ ದನ ಮೇವು ಮುಟ್ಟುವುದಿಲ್ಲ, ಮೆಲುಕು ಹಾಕುವುದಿಲ್ಲ, ಹೊಟ್ಟೆ ಉಬ್ಬರಿಸಿಕೊಂಡು ಮಲಗಿಬಿಡುತ್ತದೆ. ಪಶುವೈದ್ಯರು ಬರುವಷ್ಟರಲ್ಲಿ ಕೆಲವೊಮ್ಮೆ ಕೈಮೀರಿರುತ್ತದೆ.

ಇದಕ್ಕೆ ಯಾರ ದೃಷ್ಟಿಯೂ ಕಾರಣವಲ್ಲ. ದನದ ಮೊದಲ ಹೊಟ್ಟೆ ಇರುವುದು ಹುಲ್ಲು ಸೊಪ್ಪುಗಳನ್ನು ನಿಧಾನವಾಗಿ ಕೊಳೆಸಿ ಜೀರ್ಣಿಸಲು. ಅಲ್ಲಿಗೆ ಒಮ್ಮೆಗೇ ರಾಶಿ ಅನ್ನ, ಪಾಯಸ ಬಿದ್ದರೆ ಅದು ಬೇಗನೆ ಹುಳಿತು ಆಮ್ಲವಾಗುತ್ತದೆ. ಆಮ್ಲ ರಕ್ತಕ್ಕೆ ಸೇರಿದರೆ ದನ ತೂರಾಡಿ ಬೀಳುತ್ತದೆ, ಸಾಯಲೂಬಹುದು. ದಿನವೂ ಬಾನಿಗೆ ಹಾಕುವ ಹಿಡಿ ಅನ್ನದಿಂದ ಏನೂ ಆಗದು. ಅಪರೂಪಕ್ಕೆ ಸುರಿಯುವ ಬುಟ್ಟಿ ಅನ್ನ ಅಪಾಯಕಾರಿ. ಹೀಗಾದಾಗ ಮನೆಮದ್ದು ಮಾಡುತ್ತ ಬೆಳಗಾಗಲೆಂದು ಕಾಯಬೇಡಿ, ಕೂಡಲೇ ಪಶುವೈದ್ಯರನ್ನು ಕರೆಯಿರಿ.

ಆರೋಗ್ಯದ ಅಂಕಣದಲ್ಲಿ ದನದ ಮಾತೇಕೆ ಎಂದು ನೀವು ಕೇಳಬಹುದು. ಕೊಟ್ಟಿಗೆಯಲ್ಲಿ ಆಗುವುದೇ ಸಣ್ಣ ಪ್ರಮಾಣದಲ್ಲಿ ಅಡಿಗೆಮನೆಯಲ್ಲೂ ಆಗುತ್ತಿದೆ. ಎಲ್ಲರ ಊಟವಾದ ಮೇಲೆ ಕೊನೆಯಲ್ಲಿ ಕೂರುವ ಗೃಹಿಣಿ ಮಗು ಬಿಟ್ಟ ತುತ್ತು, ಪಾತ್ರೆಯ ತಳದ ಅನ್ನ, ನಿನ್ನೆಯ ಹುಳಿ ಎಲ್ಲವನ್ನೂ "ಹಾಳಾಗುತ್ತಲ್ಲ" ಎಂದು ತಿನ್ನುತ್ತಾಳೆ. ಹಸಿವೆಗೆ ಉಂಡದ್ದಲ್ಲ ಅದು, ಪಾತ್ರೆ ಖಾಲಿ ಮಾಡಲು ಉಂಡದ್ದು. ಸಕ್ಕರೆ ಕಾಯಿಲೆ ಇರುವವರಿಗೆ ಹೀಗೆ ಲೆಕ್ಕಕ್ಕೆ ಸಿಗದೆ ಒಳಹೋಗುವ ಅನ್ನವೇ ತೊಂದರೆ. ಮಾತ್ರೆ ತಪ್ಪಿಸಿಲ್ಲ, ಸಿಹಿ ಮುಟ್ಟಿಲ್ಲ, ಆದರೂ ಸಕ್ಕರೆ ಇಳಿದಿಲ್ಲ ಎನ್ನುವ ತಾಯಂದಿರು ಒಮ್ಮೆ ಯೋಚಿಸಿ. ಮನೆಯ ಹೆಂಗಸಿನ ಹೊಟ್ಟೆ ಗೊಬ್ಬರಗುಂಡಿಯಲ್ಲ.

ಹಾಗೆಂದು ಚೆಲ್ಲಿ ಎಂದು ನಾನು ಹೇಳುತ್ತಿಲ್ಲ. ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಹೊರತಂದ ವರದಿಯಂತೆ ಜಗತ್ತಿನಲ್ಲಿ 2022ರಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ನೂರಕ್ಕೆ 60 ಪಾಲು ಹೋಟೆಲು, ಅಂಗಡಿಗಳದ್ದಲ್ಲ, ಮನೆಗಳದ್ದು. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಎಂಬ ಅಂದಾಜು. ಸಿಪ್ಪೆ, ಮೂಳೆಗಳೂ ಇದರಲ್ಲಿ ಸೇರಿವೆ.

ಸಿಪ್ಪೆಯ ವಿಚಾರದಲ್ಲಿ ನಮ್ಮ ಮಲೆನಾಡಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೀರೆಕಾಯಿ ಸಿಪ್ಪೆ, ಬಾಳೆಕಾಯಿ ಸಿಪ್ಪೆ ಚಟ್ನಿಯಾಗುತ್ತವೆ. ಕಲ್ಲಂಗಡಿಯ ಬಿಳಿ ಭಾಗ ಅಕ್ಕಿಯೊಡನೆ ಅರೆದರೆ ದೋಸೆ. ದಾಳಿಂಬೆ ಸಿಪ್ಪೆ, ಮಾವಿನ ಗೊರಟು ತಂಬುಳಿಗೆ. ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದಿಟ್ಟರೆ ಮಳೆಗಾಲದ ಪಲ್ಯಕ್ಕೆ, ಹುಳಿಗೆ ಆಯಿತು. ಅಕ್ಕಿ ತೊಳೆದ ನೀರು ಕಲಗಚ್ಚಿಗೆ, ಮಿಕ್ಕಿದ್ದು ಗೊಬ್ಬರಗುಂಡಿಗೆ, ಗೊಬ್ಬರ ಅಡಿಕೆ ಮರದ ಬುಡಕ್ಕೆ. (ಪೇಟೆಯಿಂದ ತಂದ ತರಕಾರಿಯ ಸಿಪ್ಪೆಯಾದರೆ ಉಜ್ಜಿ ತೊಳೆಯಿರಿ. ಕೊಳೆರೋಗಕ್ಕೆ ತೋಟದಲ್ಲಿ ಬೋರ್ಡೋ ಹೊಡೆದ ಹೊಸತರಲ್ಲಿ ಮರದ ಕೆಳಗಿನ ಸೊಪ್ಪು ಕೊಯ್ಯಬೇಡಿ.) ಆದರೆ ಈಗ ಅನೇಕ ಮನೆಗಳಲ್ಲಿ ಕೊಟ್ಟಿಗೆ ಖಾಲಿ, ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಇಬ್ಬರೇ. ಆದರೂ ಹತ್ತು ಜನರಿದ್ದ ಕಾಲದ ಕೈಯಳತೆ ಮಾತ್ರ ಹೋಗಿಲ್ಲ!

ಉಳಿದದ್ದನ್ನು ಉಣ್ಣುವುದಾದರೆ ಗಮನಿಸಬೇಕಾದ ಸಂಗತಿಯೊಂದಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅವು ಅಕ್ಕಿ ಬೆಂದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನವನ್ನು ಗಂಟೆಗಟ್ಟಲೆ ಒಲೆಯ ಪಕ್ಕ ಮುಚ್ಚಿಟ್ಟರೆ ಮೊಳೆತು, ಬೆಳೆದು ವಿಷ ಉಂಟುಮಾಡುತ್ತವೆ. ವಾಂತಿ ಬರಿಸುವ ಆ ವಿಷ ಮತ್ತೆ ಕುದಿಸಿದರೂ, ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ಹೋಗುವುದಿಲ್ಲ. "ಚೆನ್ನಾಗಿ ಬಿಸಿ ಮಾಡಿದ್ದೆ, ಆದರೂ ವಾಂತಿಯಾಯಿತು" ಎನ್ನುವವರಿಗೆ ಇದೇ ಉತ್ತರ. ಉಳಿಯುತ್ತದೆ ಎನಿಸಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಿ. ಮರುದಿನ ಒಂದೇ ಸಲ, ಬೇಕಾದಷ್ಟನ್ನೇ ಬಿಸಿ ಮಾಡಿ. ಅಕ್ಕಿಹಿಟ್ಟಿನ ರೊಟ್ಟಿಗೆ ಈ ಅನ್ನ ನಾದಿ ಸೇರಿಸಿದರೆ ರೊಟ್ಟಿ ಮೆತ್ತಗಾಗುತ್ತದೆ. ಕಾಯಿ ಅರೆದ ಹುಳಿ, ಮಜ್ಜಿಗೆಹುಳಿಗಳನ್ನು ಹೊರಗಿಟ್ಟರೆ ಬೇಗ ಕೆಡುತ್ತವೆ. ತಂಬುಳಿಯನ್ನಂತೂ ಆಯಾ ಹೊತ್ತಿಗೇ ಮುಗಿಸುವುದು ಒಳ್ಳೆಯದು.

ಫ್ರಿಜ್ಜು ಇದೆ, ಕರೆಂಟು? ಜೋಗದಲ್ಲಿ 1948ರಿಂದ ವಿದ್ಯುತ್ ತಯಾರಾಗುತ್ತಿದೆ, ಶರಾವತಿ ನಾಡಿಗೆಲ್ಲ ಬೆಳಕು ಕೊಟ್ಟಿದ್ದಾಳೆ. ಆಷಾಢದ ಗಾಳಿಗೆ ಮರ ತಂತಿಯ ಮೇಲೆ ಬಿದ್ದರೆ ಅವಳ ದಂಡೆಯವರೇ ಕತ್ತಲಲ್ಲಿ. ಬಾಗಿಲು ತೆರೆಯದ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪನ್ನು ಹಿಡಿದಿಡಬಲ್ಲದು, ಆಮೇಲೆ ಅದು ಬರೀ ಕಪಾಟು. ಮಳೆಗಾಲದಲ್ಲಿ ಮಾಡಿದ್ದನ್ನು ಆ ದಿನವೇ ಮುಗಿಸುವಷ್ಟು ಮಾಡುವುದೇ ಕ್ಷೇಮ.

ಮಳೆಗಾಲದ ಇನ್ನೊಂದು ಕಾಟ ಬೂಸಲು. ಬೂಸಲು ಬಂದ ಶೇಂಗಾ, ಕೊಬ್ಬರಿ, ಜೋಳವನ್ನು ಒರೆಸಿ, ಒಣಗಿಸಿ ಬಳಸಬಾರದು. ಕೆಲವು ಬೂಸಲುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಅದು ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಅಡಿಗೆಯ ಬಿಸಿಗೆ ಜಗ್ಗುವುದಿಲ್ಲ. 1974ರಲ್ಲಿ ಗುಜರಾತ್, ರಾಜಸ್ಥಾನಗಳ ಹಳ್ಳಿಗಳಲ್ಲಿ ಬೂಸಲು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಮನುಷ್ಯರಿಗೆ ಬೇಡವಾದದ್ದು ದನಕ್ಕಿರಲಿ ಎನ್ನುವುದೂ ಇಲ್ಲಿ ನಡೆಯದು. ಬೂಸಲು ಹಿಡಿದ ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಆ ವಿಷದ ಅಂಶ ಬರುತ್ತದೆ, ಹಾಲು ಕುಡಿಯುವುದು ನಿಮ್ಮ ಮಗು. ಅಂಥದ್ದು ಗುಂಡಿಗೇ ಹೋಗಲಿ.

ಗುಂಡಿ ಹೇಗಿರಬೇಕು? ಮೇಲೊಂದು ಸೋಗೆಯ ಅಥವಾ ತಗಡಿನ ಮಾಡು ಬೇಕು. ಇಲ್ಲದಿದ್ದರೆ ನಮ್ಮ ಮಳೆಗೆ ಗೊಬ್ಬರದ ಸಾರವೆಲ್ಲ ತೊಳೆದು ಹೋಗಿ ದುರ್ವಾಸನೆಯ ಕೆಸರಷ್ಟೇ ಉಳಿಯುತ್ತದೆ. ಹಸಿ ಕಸದ ಪ್ರತಿ ಪದರದ ಮೇಲೂ ಎರಡರಷ್ಟು ತರಗೆಲೆ ಅಥವಾ ಒಣಗಿದ ಅಡಿಕೆ ಸಿಪ್ಪೆ, ಸ್ವಲ್ಪ ಸಗಣಿನೀರು ಹಾಕಿ. ಪೇಟೆಯ ಮನೆಯಲ್ಲಿ ತಳಕ್ಕೆ ತೂತು ಮಾಡಿದ ಹಳೆಯ ಡ್ರಮ್ಮು ಸಾಕು. ಉಂಡು ಉಳಿದ ಅನ್ನ, ಮೀನು ಮಾಂಸಗಳನ್ನು ಮೇಲೆಯೇ ಬಿಟ್ಟರೆ ಇಲಿ ಬರುತ್ತದೆ. ಇಲಿಯ ಮೂತ್ರ ಬೆರೆತ ನೀರಿನಿಂದಲೇ ಇಲಿಜ್ವರ ಹರಡುವುದು, ಒಡೆದ ಹಿಮ್ಮಡಿಯಲ್ಲಿ ಗದ್ದೆಗಿಳಿಯುವವರಿಗೆ ಇದು ತಮಾಷೆಯ ಮಾತಲ್ಲ. ಆದ್ದರಿಂದ ಒಳಗೆ ಹುಗಿದು ಮುಚ್ಚಿ. ಕಾಯಿಯ ಕರಟ, ಅಡಿಕೆ ಹಾಳೆಗಳನ್ನು ಕವುಚಿ ಹಾಕಿ, ನೀರು ನಿಂತರೆ ಡೆಂಗೆ ಹರಡುವ ಸೊಳ್ಳೆ ಅಲ್ಲೇ ಮೊಟ್ಟೆಯಿಡುತ್ತದೆ. ಅನ್ನವನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ರಸ್ತೆಬದಿಗೆ ಎಸೆಯುವುದನ್ನಂತೂ ಮಾಡಲೇಬೇಡಿ. ಬೀದಿಯ ದನಕ್ಕೆ ಗಂಟು ಬಿಚ್ಚಲು ಬರುವುದಿಲ್ಲ, ಕವರಿನ ಸಮೇತ ನುಂಗುತ್ತದೆ.

ಇದೆಲ್ಲ ಉಳಿದ ಮೇಲಿನ ಮಾತಾಯಿತು. ಉಳಿಯದಂತೆ ಮಾಡಲು ಒಂದು ಉಪಾಯ ಹೇಳುತ್ತೇನೆ. ಒಂದು ವಾರ ಅಕ್ಕಿಯನ್ನು ಕೈಯಂದಾಜಿನಲ್ಲಿ ಹಾಕದೆ ಸಿದ್ದೆಯಲ್ಲೋ ಪಾವಿನಲ್ಲೋ ಅಳೆದು ಹಾಕಿ. ಎಷ್ಟು ಹಾಕಿದಿರಿ, ರಾತ್ರಿ ಎಷ್ಟು ಉಳಿಯಿತು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಉಳಿದದ್ದನ್ನು ಯಾರು ಉಂಡರು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಎಂಟನೆಯ ದಿನ ಮನೆಯ ಯಜಮಾನರು ಅದನ್ನು ಓದಲಿ.