ಹೊಸ ಕಾರಿನ ಆಯಿಲ್: ಕಿಲೋಮೀಟರ್ ನೋಡಬೇಕೋ, ಕ್ಯಾಲೆಂಡರ್ ನೋಡಬೇಕೋ?

ಈ ಕಂತಿಗೆ ಕಾರಣ ಟಿಕೋಟಾದಿಂದ ಒಬ್ಬ ದ್ರಾಕ್ಷಿ ಬೆಳೆಗಾರರು ಕಳಿಸಿದ ವಾಯ್ಸ್ ಮೆಸೇಜ್. ಅವರ ಮಾತು ಹೀಗದ: "ತಮ್ಮಾ, ಹೊಸಾ ಪೆಟ್ರೋಲ್ ಕಾರ್ ತಗೊಂಡು 14 ತಿಂಗಳಾತು. ಓಡಿದ್ದು ಬರೇ 3,800 ಕಿಲೋಮೀಟರ್. ಟ್ರ್ಯಾಕ್ಟರ್‌ಗೆ 50 ತಾಸಿಗೇ ಆಯಿಲ್ ಬದ್ಲಿ ಮಾಡಿದ್ರು. ಕಾರಿಗೆ 1,000 ಕಿಲೋಮೀಟರ್ ಸರ್ವೀಸ್‌ನ್ಯಾಗ ನೋಡಿ ಕಳಿಸಿದ್ರು, ಆಯಿಲ್ ಮುಟ್ಟಲೇ ಇಲ್ಲ. ಮಗ ಅಂತಾನ, 10,000 ಆಗೂತನಕ ಏನೂ ಬ್ಯಾಡ. ಯಾರದು ಖರೆ?"

ಕಾಕಾರ, ಸರ್ವೀಸ್‌ನವರು ಆಯಿಲ್ ಮುಟ್ಟದೇ ಇದ್ದದ್ದು ಸರಿ. ನಿಮ್ಮ ಮಗ ಹೇಳಿದ್ದು ಅರ್ಧ ಸರಿ. ಆ ಉಳಿದ ಅರ್ಧದಾಗೇ ರೊಕ್ಕ ಹೋಗ್ತದ.

ಹೊಸ ಎಂಜಿನ್ ಒಳಗೆ ಮೊದಲು ಏನಾಗುತ್ತದೆ ಅಂತ ನೋಡೋಣ. ಪಿಸ್ಟನ್ ಸುತ್ತ ಇರುವ ರಿಂಗ್‌ಗಳು ಸಿಲಿಂಡರ್ ಗೋಡೆಗೆ ತಿಕ್ಕಿ ತಿಕ್ಕಿ ಸರಿಯಾಗಿ ಕೂಡಬೇಕು. ಹಾಗೆ ತಿಕ್ಕುವಾಗ ಲೋಹದ ಸಣ್ಣ ಸಣ್ಣ ಕಣಗಳು ಆಯಿಲ್‌ಗೆ ಬರುತ್ತವೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಈ ಕಣ ಬಹಳ ಬರುತ್ತಿದ್ದವು, ಅದಕ್ಕೇ ಮೊದಲ ಆಯಿಲ್ ಬೇಗ ತೆಗೆಯುತ್ತಿದ್ದರು. ಹಳೇ ಮೆಕ್ಯಾನಿಕ್‌ಗಳು ಇವತ್ತಿಗೂ "ಮೊದಲ ಆಯಿಲ್ ಸಾವಿರಕ್ಕೆ ತೆಗೀರಿ" ಅನ್ನೋದು ಆ ಅನುಭವದ ಮೇಲೆ. ಈಗ ಸಿಲಿಂಡರ್ ಗೋಡೆಯನ್ನು ಕಾರ್ಖಾನೆಯಲ್ಲೇ ಬಹಳ ನಾಜೂಕಾಗಿ ಉಜ್ಜಿ ಕಳಿಸುತ್ತಾರೆ. ಬರುವ ಕಣಗಳಲ್ಲಿ ದೊಡ್ಡವನ್ನು ಫಿಲ್ಟರ್ ಹಿಡಿಯುತ್ತದೆ. ಹಾಗಾಗಿ ಬಹುತೇಕ ಕಾರುಗಳಿಗೆ 1,000 ಕಿಲೋಮೀಟರ್ ಸರ್ವೀಸ್ ಅಂದರೆ ತಪಾಸಣೆ ಮಾತ್ರ.

ಹಂಗಾದ್ರ ಬೈಕಿಗೆ ಯಾಕ 500ರಿಂದ 1,000 ಕಿಲೋಮೀಟರ್ ಒಳಗ ಬದಲಿಸ್ತಾರ? ಯಾಕಂದ್ರ ಬಹುತೇಕ ಬೈಕ್‌ಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಹೊಸ ಗೇರಿನ ಹಲ್ಲು ಸವೆದ ಪುಡಿ, ಕ್ಲಚ್ ಪ್ಲೇಟಿನ ಪುಡಿ ಎಲ್ಲಾ ಅದರಾಗೇ. ಕಾರಿನಲ್ಲಿ ಗೇರ್‌ಬಾಕ್ಸ್ ಆಯಿಲ್ ಬೇರೆಯೇ ಇರುತ್ತದೆ. ಬೈಕಿನ ರೂಢಿಯನ್ನು ಕಾರಿಗೆ ತಂದರೆ ಎಂಜಿನ್ ಏನೂ ಹಾಳಾಗುವುದಿಲ್ಲ, ಆದರೆ 3 ಲೀಟರ್ ಮೇಲೆ ಒಳ್ಳೇ ಆಯಿಲ್ ಸುಮ್ಮನೆ ಚೆಲ್ಲಿದ ಹಾಗೆ.

ಟ್ರ್ಯಾಕ್ಟರ್ ಲೆಕ್ಕ ಮಾತ್ರ ನನಗೆ ಬಹಳ ಹಿಡಿಸ್ತದ. ಅದು ತಾಸಿನ ಲೆಕ್ಕ, ಮತ್ತು ಎಂಜಿನ್‌ಗೆ ಅದೇ ನ್ಯಾಯದ ಲೆಕ್ಕ. ಕಾರಿನ ಮೀಟರ್ ತೋರಿಸೋದು ಚಕ್ರ ಎಷ್ಟು ಉರುಳಿತು ಅಂತ. ಎಂಜಿನ್ ಎಷ್ಟು ತಾಸು ದುಡೀತು ಅಂತಲ್ಲ. ಟಿಕೋಟಾದಿಂದ ವಿಜಯಪುರಕ್ಕೆ ಸುಮಾರು 20 ಕಿಲೋಮೀಟರ್. ಅಥಣಿ ರಸ್ತೆ ಹಿಡಿದು ಸರಾಸರಿ 40ರ ವೇಗದಲ್ಲಿ ಬಂದರೆ ಅರ್ಧ ತಾಸು. ಈ ವೇಗದಲ್ಲಿ 10,000 ಕಿಲೋಮೀಟರ್ ಅಂದರೆ 250 ತಾಸು. ಅದೇ ಗಾಂಧಿ ಚೌಕದ ಸುತ್ತ, ಮಾರ್ಕೆಟ್, ಶಾಲೆ, ಮನೆ ಅಂತ ಸರಾಸರಿ 15ರ ವೇಗದಲ್ಲಿ ತಿರುಗಿದರೆ 10,000 ಆಗಲು 660 ತಾಸಿನ ಮೇಲೆ ಬೇಕು. ಮೀಟರ್ ಒಂದೇ, ಎಂಜಿನ್ ದುಡಿತ ಎರಡೂವರೆ ಪಟ್ಟು ಹೆಚ್ಚು. ಏಸಿ ಹಚ್ಚಿಕೊಂಡು ಗೋಳಗುಮ್ಮಟದ ಮುಂದೆ ಅತಿಥಿಗಳಿಗೆ ಕಾಯುತ್ತ ನಿಂತ ಅರ್ಧ ತಾಸು ಮೀಟರ್‌ನಲ್ಲಿ ಬರುವುದೇ ಇಲ್ಲ.

ಇನ್ನೊಂದು, ಸಣ್ಣ ಓಡಾಟ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚೂಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ನಂಬಾಕ ಕಷ್ಟ, ಆದ್ರ ಲೆಕ್ಕ ಹಂಗೇ ಅದ. ಬಹುಪಾಲು ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ, ಸ್ವಲ್ಪ ಆವಿ ರಿಂಗ್ ಸಂದಿಯಿಂದ ಆಯಿಲ್ ಇರುವ ಜಾಗಕ್ಕೆ ಇಳಿಯುತ್ತದೆ. ಸುಡದೇ ಉಳಿದ ಪೆಟ್ರೋಲ್ ಕೂಡ ಇಳಿಯುತ್ತದೆ. ಎಂಜಿನ್ ಪೂರ್ತಿ ಕಾದು ಒಂದಿಷ್ಟು ಹೊತ್ತು ಓಡಿದರೆ ಇವು ಆರಿ ಹೋಗುತ್ತವೆ. ಎರಡು ಕಿಲೋಮೀಟರ್ ಹೋಗಿ ಬಂದ್ ಮಾಡಿದರೆ ಅಲ್ಲೇ ಉಳಿದು ಆಯಿಲ್ ಕೆಡಿಸುತ್ತವೆ.

ಅದಕ್ಕೇ ಕಂಪನಿಯ ಪುಸ್ತಕದಲ್ಲಿ ಯಾವಾಗಲೂ ಎರಡು ಸಂಖ್ಯೆ ಇರುತ್ತವೆ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು. ನಮ್ಮಲ್ಲಿ ಬಹಳಷ್ಟು ಪೆಟ್ರೋಲ್ ಕಾರುಗಳಿಗೆ ಇದು 10,000 ಕಿಲೋಮೀಟರ್ ಅಥವಾ ಒಂದು ವರ್ಷ. ಫೋಕ್ಸ್‌ವ್ಯಾಗನ್, ಸ್ಕೋಡಾದವರದು 15,000 ಅಥವಾ ಒಂದು ವರ್ಷ. ಜನ ಮೊದಲ ಸಂಖ್ಯೆ ನೆನಪಿಡ್ತಾರ, ಎರಡನೇದು ಬಿಡ್ತಾರ. ಬಿಕಾಂ ಓದಿದವನಿಗೆ ಇದು ಸವಕಳಿ ಲೆಕ್ಕದಂತೆ ಕಾಣ್ತದ: ಮಷೀನ್ ಶೆಡ್‌ನಾಗ ಸುಮ್ಮ ನಿಂತಿದ್ರೂ ವರ್ಷದ ಕೊನೆಗೆ ಅದರ ಬೆಲೆ ಇಳಿಸಲೇಬೇಕು.

ಹಂಗಾಗಿ ಟಿಕೋಟಾದ ಕಾಕಾರ, 3,800 ಆಗಿರಲಿ, 380 ಆಗಿರಲಿ, ವರ್ಷ ಮುಗಿದು ಎರಡು ತಿಂಗಳಾತು. ಈ ವಾರ ಹೋಗಿ ಆಯಿಲ್, ಫಿಲ್ಟರ್ ಎರಡೂ ಬದಲಿಸ್ರಿ. ಎಂಜಿನ್ ಏನೂ ಕೆಟ್ಟಿರೂದಿಲ್ಲ, ಚಿಂತಿ ಮಾಡಬ್ಯಾಡ್ರಿ. ಅಂಜಿಕೆ ಇರೋದು ವಾರಂಟಿದು. ನಾಳೆ ಎಂಜಿನ್‌ನಲ್ಲಿ ದೊಡ್ಡ ಕೆಲಸ ಬಂದರೆ ಕಂಪನಿಯವರು ಮೊದಲು ಕೇಳೋದು ಸರ್ವೀಸ್ ದಾಖಲೆ. ತಾರೀಖು ದಾಟಿದ್ದರೆ ವಾದ ಮಾಡಲು ಅವರಿಗೆ ಒಂದು ಕಾರಣ ಸಿಗುತ್ತದೆ. ಬಿಲ್‌ನಲ್ಲಿ ತಾರೀಖು, ಮೀಟರ್ ಓದು, ಆಯಿಲ್ ಗ್ರೇಡ್ ಮೂರೂ ಬರೆಸಿಕೊಳ್ಳಿ. 'ಫ್ರೀ ಸರ್ವೀಸ್' ಅಂದರೆ ಕೂಲಿ ಮಾತ್ರ ಫ್ರೀ. ಆಯಿಲ್ ಮತ್ತು ಫಿಲ್ಟರ್‌ಗೆ ರೊಕ್ಕ ಕೊಡಲೇಬೇಕು, ಅದು ಮೋಸ ಅಲ್ಲ.

ಅದೇ ಪುಸ್ತಕದಲ್ಲಿ ಕಠಿಣ ಬಳಕೆ ಅಂತ ಇನ್ನೊಂದು ಪುಟ ಇರುತ್ತದೆ. ಧೂಳಿನ ರಸ್ತೆ, ಮೇಲಿಂದ ಮೇಲೆ ಸಣ್ಣ ಓಡಾಟ, ಬಹಳ ಹೊತ್ತು ನಿಂತಲ್ಲೇ ಎಂಜಿನ್ ಚಾಲೂ ಇಡೋದು, ಇಂಥವಕ್ಕೆ ಬೇಗ ಬದಲಿಸಿ ಅಂತ ಅಲ್ಲಿ ಬರೆದಿರುತ್ತಾರೆ, ಎಷ್ಟೋ ಕಾರುಗಳಿಗೆ ಅರ್ಧ ಅವಧಿಗೆ. ಓದಿದ್ರ ನಮ್ಮ ಜಿಲ್ಲೆ ನೋಡಿಯೇ ಬರೆದಾರ ಅನ್ನಿಸ್ತದ. ಡಾಂಬರ್ ಬಿಟ್ಟು ತೋಟಕ್ಕೆ, ಒಣದ್ರಾಕ್ಷಿ ಶೆಡ್‌ಗೆ ದಿನಾ ಕಾರು ಹೋಗುತ್ತಿದ್ದರೆ ನನ್ನ ಸಲಹೆ 5,000 ಅಥವಾ ಆರು ತಿಂಗಳು. ಆಯಿಲ್‌ಗಿಂತ ಮೊದಲು ಏರ್ ಫಿಲ್ಟರ್ ತೆಗೆದು ನೋಡಿಸಿ. ಎರಿ ಮಣ್ಣಿನ ಧೂಳು ಒಳಗೆ ಹೋಗದಂತೆ ತಡೆಯುವುದು ಅದೇ.

ಬಬಲೇಶ್ವರದ ಕೇಳುಗರೊಬ್ಬರದು ಬಿಎಸ್6 ಡೀಸೆಲ್. ಅವರ ತಕರಾರು ವಿಚಿತ್ರ ಅನ್ನಿಸಬಹುದು: ಆಯಿಲ್ ಕಡಿಮೆ ಆಗೋ ಬದಲು ಹೆಚ್ಚಾಗ್ಯಾದ. ಇದು ಆಗುವಂಥದ್ದೇ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ನಿಯಮಕ್ಕಾಗಿ ಡೀಸೆಲ್ ಕಾರುಗಳಿಗೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕೂಡಿಸಿದರು, ಡಿಪಿಎಫ್ ಅಂತಾರೆ. ತುಂಬಿದ ಮಸಿಯನ್ನು ಸುಡಲು ಎಂಜಿನ್ ತಾನೇ ಸ್ವಲ್ಪ ಹೆಚ್ಚು ಡೀಸೆಲ್ ಸಿಂಪಡಿಸುತ್ತದೆ. ಸುಡುವುದು ಮುಗಿಯುವ ಮೊದಲೇ ಮೇಲಿಂದ ಮೇಲೆ ಕಾರು ಬಂದ್ ಮಾಡಿದರೆ ಆ ಡೀಸೆಲ್ ಗೋಡೆ ಹಿಡಿದು ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ತೆಳ್ಳಗಾಗಿ ಮಟ್ಟ ಮೇಲೇರುತ್ತದೆ. ಕಡ್ಡಿಯ ಮೇಲಿನ ಗುರುತು ದಾಟಿದ್ದರೆ ಕಿಲೋಮೀಟರ್ ನೋಡದೆ ಬದಲಿಸಿ. ವಾರಕ್ಕೊಮ್ಮೆ ಜಮಖಂಡಿ ರಸ್ತೆಯಲ್ಲಿ ಅರ್ಧ ತಾಸು ಒಂದೇ ವೇಗದಲ್ಲಿ ಓಡಿಸಿದರೆ ಮಸಿ ಸುಟ್ಟು ಹೋಗುತ್ತದೆ. ಮತ್ತ ದಯವಿಟ್ಟು, ಮನ್ಯಾಗ ಡಬ್ಬಿ ಅದ ಅಂತ ಟ್ರ್ಯಾಕ್ಟರ್ ಆಯಿಲ್ ಇದಕ್ಕ ಸುರೀಬ್ಯಾಡ್ರಿ. ಡಿಪಿಎಫ್ ಕಾರಿಗೆ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು. ಬೇರೆಯದು ಹಾಕಿದರೆ ಬೂದಿ ತುಂಬುತ್ತದೆ, ಬೂದಿ ಮಸಿಯಂತೆ ಸುಟ್ಟು ಹೋಗುವುದಿಲ್ಲ.

"ನಮ್ಮ ಕಡೆ ಬಿಸಿಲು 42 ಡಿಗ್ರಿ, ದಪ್ಪ ಆಯಿಲ್ ಹಾಕ್ಸ್ರಿ" ಅನ್ನೋ ಮಾತೂ ಗ್ಯಾರೇಜ್‌ನಲ್ಲಿ ಕೇಳ್ತೀರಿ. ಹೊರಗೆ 42 ಇರಲಿ, 20 ಇರಲಿ, ಎಂಜಿನ್ ಕಾದ ಮೇಲೆ ಅದರೊಳಗಿನ ಕೂಲಂಟ್ ಸುಮಾರು 90 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. 5ಡಬ್ಲ್ಯೂ-30 ಅನ್ನುವುದರಲ್ಲಿ 30 ಎಂಬ ಅಂಕಿ ಕೊಡುವುದು 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದ ಇದೆ ಅಂತ ಅಳೆದು. ಸಣ್ಣ ಸಣ್ಣ ಸಂದಿಗಳಿಗೆ ತೆಳು ಆಯಿಲ್ ಅಂತಲೇ ಎಂಜಿನ್ ಮಾಡಿರುತ್ತಾರೆ. ಅದಕ್ಕೆ 20ಡಬ್ಲ್ಯೂ-50 ಹಾಕಿದರೆ ಬೆಳಿಗ್ಗೆ ಚಾಲೂ ಮಾಡಿದಾಗ ಆಯಿಲ್ ಮೇಲೆ ಏರಲು ತಡ, ಮೈಲೇಜೂ ಇಳಿಯುತ್ತದೆ. ಪುಸ್ತಕದಾಗ ಏನು ಬರದಾರೋ ಅದನ್ನೇ ಕೇಳ್ರಿ.

ಕಡ್ಡಿ ನೋಡೂದು ಎಲ್ಲಾರಿಗೂ ಗೊತ್ತಿದ್ದಂತಿಲ್ಲ, ಅದಕ್ಕ ಹೇಳ್ತೀನಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬಂದ್ ಮಾಡಿ ಐದು ನಿಮಿಷ ಬಿಡಿ. ಕಡ್ಡಿ ತೆಗೆದು ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆಯಿರಿ. ಎರಡು ಗುರುತಿನ ನಡುವೆ ಇರಬೇಕು. ಹೊಸ ಎಂಜಿನ್ ಮೊದಮೊದಲು ಸ್ವಲ್ಪ ಆಯಿಲ್ ಕುಡೀತದ, ಅದಕ್ಕ ಮೊದಲ ವರ್ಷ ತಿಂಗಳಿಗೊಮ್ಮೆ ನೋಡ್ರಿ. ಬಣ್ಣ ಕಪ್ಪಾಗಿದ್ದರೆ ಗಾಬರಿ ಬೇಡ, ಡೀಸೆಲ್‌ನಲ್ಲಿ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಹಾಲು ಹಾಕಿದ ಚಹಾದ ಬಣ್ಣ ಕಂಡರೆ ಮಾತ್ರ ನೀರು ಸೇರಿದೆ ಅಂತ ಅರ್ಥ. ಆಗ ಗಾಡಿ ಚಾಲೂ ಮಾಡಬ್ಯಾಡ್ರಿ, ಸರ್ವೀಸ್‌ನವರಿಗೆ ಫೋನ್ ಹಚ್ಚರಿ.