ಚಿಟಿಕೆ ಕಲಬೆರಕೆಯ ಬೆಳಕು

1993ರ ಫೆಬ್ರವರಿ 26, ನ್ಯೂಯಾರ್ಕ್, ಮಧ್ಯಾಹ್ನ. ವರ್ಲ್ಡ್ ಟ್ರೇಡ್ ಸೆಂಟರ್‌ನ ನೆಲಮಾಳಿಗೆಯಲ್ಲಿ ಬಾಂಬು ಸಿಡಿಯಿತು. ಇಂಥ ಹೊತ್ತಿಗೆಂದೇ ಇಟ್ಟಿದ್ದ ಜನರೇಟರುಗಳು ಶುರುವೇನೋ ಆದವು. ಆದರೆ ಅವನ್ನು ತಂಪಾಗಿಡಬೇಕಿದ್ದ ನೀರಿನ ಕೊಳವೆಗಳೇ ಒಡೆದುಹೋಗಿದ್ದವು; ಕಾವು ಏರಿ ನಿಂತುಬಿಟ್ಟವು. ಸಾವಿರಾರು ಜನ ಹೊಗೆ ತುಂಬಿದ ಮೆಟ್ಟಿಲುಗಳನ್ನು ಕತ್ತಲಲ್ಲೇ, ಕಂಬಿ ತಡವುತ್ತ, ಪಾದದಿಂದ ಮುಂದಿನ ಮೆಟ್ಟಿಲು ಹುಡುಕುತ್ತ ಇಳಿದರು.

ತಂತಿಯ ಹಂಗಿಲ್ಲದ ಬೆಳಕೊಂದು ಬೇಕಿತ್ತು. ಅದರ ಕತೆ ಶುರುವಾಗಿದ್ದು ಇಟಲಿಯ ಬೊಲೋನ್ಯಾದಲ್ಲಿ, ಅದೂ ಚಿನ್ನದ ಆಸೆಯಿಂದ. ವಿಂಚೆನ್ಸೊ ಕಾಷಿಯರೋಲೊ ಜೋಡು ಹೊಲಿದು ಬದುಕುತ್ತಿದ್ದ; ಬಿಡುವು ಸಿಕ್ಕರೆ ರಸವಿದ್ಯೆಯ ಹುಚ್ಚು. 1602ರ ಸುಮಾರಿಗೆ ಪಾದೆರ್ನೊ ಬೆಟ್ಟದಲ್ಲಿ ಅವನಿಗೆ ಗಾತ್ರಕ್ಕೆ ಮೀರಿ ತೂಗುವ ಕಲ್ಲುಗಳು ಸಿಕ್ಕವು. ಇಷ್ಟು ಭಾರವಿದ್ದ ಮೇಲೆ ಒಳಗೆ ಲೋಹವಿರಲೇಬೇಕು! ಇದ್ದಿಲಿನ ಜೊತೆ ಸುಟ್ಟ. ಚಿನ್ನವಿಲ್ಲ, ಬೆಳ್ಳಿಯೂ ಇಲ್ಲ. ಆದರೆ ಬಿಸಿಲಿಗೆ ಒಡ್ಡಿದ್ದ ಆ ಕಲ್ಲು ಕತ್ತಲಕೋಣೆಯಲ್ಲಿ ಕೆಂಡದ ಹಾಗೆ ಹೊಳೆಯಿತು. ಮುಟ್ಟಿದರೆ ತಣ್ಣಗೆ! ಗೆಲಿಲಿಯೊನಂಥವರೂ ಅದರ ಚರ್ಚೆಗೆ ಇಳಿದರು. ಕಲ್ಲಿನಲ್ಲಿ ಸೇರಿಕೊಂಡಿದ್ದ ತೀರ ಚೂರು ತಾಮ್ರವೇ ಆ ಹೊಳಪಿನ ಮೂಲ ಎಂದು ವಿಜ್ಞಾನಿಗಳು ತೋರಿಸಿದ್ದು 2012ರಲ್ಲಿ.

ಅಷ್ಟರೊಳಗೆ ಕತೆ ಬಹಳ ದೂರ ಬಂದಿತ್ತು. ತಾಮ್ರವನ್ನು ಬೇಕೆಂದೇ ಬೆರೆಸಿದ ಸತುವಿನ ಸಲ್ಫೈಡು ಹಸಿರಾಗಿ ಹೊಳೆಯುತ್ತಿತ್ತು, ಆದರೆ ಬೇಗ ಮಂಕಾಗುತ್ತಿತ್ತು. ರಾತ್ರಿಯಿಡೀ ಕಾಣಲಿ ಎಂದು ಗಡಿಯಾರದವರು ವಿಕಿರಣ ಸೂಸುವ ರೇಡಿಯಂ ಬೆರೆಸಿದರು. ಅಮೆರಿಕದಲ್ಲಿ ಆ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಕುಂಚದ ತುದಿಯನ್ನು ತುಟಿಯಲ್ಲೇ ಚೂಪು ಮಾಡಿಕೊಳ್ಳುತ್ತಿದ್ದರು. ಕೆಲವರ ದವಡೆಯೇ ಕೊಳೆತುಹೋಯಿತು.

ಜಪಾನಿನ ನೆಮೊಟೊ ಕಂಪನಿ 1941ರಿಂದ ಇಂಥ ಹೊಳೆಯುವ ಬಣ್ಣಗಳನ್ನೇ ಮಾಡಿಕೊಂಡು ಬಂದಿತ್ತು. ವಿಕಿರಣವೆಂದರೆ ಜನ ಬೆಚ್ಚುವ ಕಾಲ ಬಂದಾಗ ಅದರ ಕಸುಬಿನ ಬುಡವೇ ಅಲುಗಾಡಿತು. ಯುರೋಪಿಯಂ ಬೆರೆಸಿದ ಸ್ಟ್ರಾನ್ಷಿಯಂ ಅಲ್ಯುಮಿನೇಟು ದೀಪ ಆರಿದ ಮೇಲೂ ತುಸು ಹೊಳೆಯುತ್ತದೆಂದು 1971ರಷ್ಟು ಹಿಂದೆಯೇ ಒಬ್ಬರು ಬರೆದಿದ್ದರು. ಎರಡು ದಶಕ ಆ ಮಾತು ಕಾಗದದಲ್ಲೇ ಉಳಿಯಿತು. ನೆಮೊಟೊದ ಸಂಶೋಧಕರು ಅದೇ ಪುಡಿಗೆ ಚಿಟಿಕೆ ಡಿಸ್ಪ್ರೋಸಿಯಂ ಸೇರಿಸಿ, ಸಾವಿರ ಡಿಗ್ರಿ ದಾಟಿದ ಕುಲುಮೆಯಲ್ಲಿ ಬೇಯಿಸಿದರು. ಹಳೆಯ ಸಲ್ಫೈಡಿಗಿಂತ ಸುಮಾರು ಹತ್ತು ಪಟ್ಟು ಪ್ರಖರ, ರಾತ್ರಿಯಿಡೀ ಆರದ ಹೊಳಪು! ಇದಾದದ್ದು 1993ರಲ್ಲಿ, ನ್ಯೂಯಾರ್ಕಿನ ಮೆಟ್ಟಿಲುಗಳು ಕತ್ತಲಾದ ವರ್ಷವೇ. ಒಂದರ ಸುದ್ದಿ ಇನ್ನೊಂದಕ್ಕೆ ಇರಲಿಲ್ಲ. ಆ ಪುಡಿಯ ಪ್ರಬಂಧ ಅಚ್ಚಾದದ್ದು 1996ರ ಆಗಸ್ಟಿನಲ್ಲಿ.

ಅತ್ತ ವರ್ಲ್ಡ್ ಟ್ರೇಡ್ ಸೆಂಟರ್‌ನ ಗೋಪುರಗಳ ಮೆಟ್ಟಿಲುಗಳಿಗೆ ಬ್ಯಾಟರಿ ದೀಪಗಳ ಜೊತೆ ತಾನಾಗಿ ಹೊಳೆಯುವ ಗುರುತುಗಳೂ ಬಂದವು. 2001ರ ಸೆಪ್ಟೆಂಬರ್ 11ರ ದಾಳಿಯ ದಿನ ಸಾವಿರಾರು ಜನ ಅವುಗಳ ನಡುವೆಯೇ ಇಳಿದು ಬಂದರು. 2004ರಲ್ಲಿ ನ್ಯೂಯಾರ್ಕ್ ನಗರ 75 ಅಡಿಗಿಂತ ಎತ್ತರದ ಕಚೇರಿ ಕಟ್ಟಡಗಳೆಲ್ಲ ಮೆಟ್ಟಿಲುಗಳಿಗೆ ಇಂಥ ಪಟ್ಟಿ ಹಾಕಬೇಕೆಂದು ಕಾನೂನು ಮಾಡಿ, 2006ರ ಜುಲೈ 1ರ ಗಡುವು ಕೊಟ್ಟಿತು.

ಆ ಪುಡಿಯ ಗುಟ್ಟು ಇಷ್ಟೇ: ಬೆಳಕು ಬಿದ್ದಾಗ ಹರಳಿನೊಳಗೆ ಕದಲಿದ ಎಲೆಕ್ಟ್ರಾನುಗಳು ಗುಳಿಗಳಲ್ಲಿ ಸಿಕ್ಕಿಬೀಳುತ್ತವೆ. ಡಿಸ್ಪ್ರೋಸಿಯಂ ಸೇರಿದಾಗ ಆ ಗುಳಿಗಳು ಹದವಾದ ಆಳಕ್ಕೆ ಬರುತ್ತವೆ. ಕೋಣೆಯ ಬೆಚ್ಚಗಿನಷ್ಟೇ ಕಾವಿಗೆ ಎಲೆಕ್ಟ್ರಾನುಗಳು ಒಂದೊಂದಾಗಿ ಮೇಲೆ ಬಂದು ಹಸಿರು ಬೆಳಕು ಬಿಡುತ್ತವೆ. ಮೊದಲು ಬೆಳಕು ಕುಡಿದಿರಬೇಕು, ಅಷ್ಟೇ. ಕರೆಂಟು ಉಳಿಸಲೆಂದು ಮೆಟ್ಟಿಲಿನ ಟ್ಯೂಬ್‌ಲೈಟು ಸದಾ ಆರಿಸಿಟ್ಟ ಕಟ್ಟಡದಲ್ಲಿ ಆ ಪಟ್ಟಿ ಬರೀ ಮಾಸಲು ಬಣ್ಣ.